ಇಪ್ಪತ್ತು ನಿಮಿಷ ಕಮ್ಮಿ ಇದ್ದ ಸಿನಿಮಾ

ಹಳೇ ಕಪ್ಪು-ಬಿಳುಪು ಕನ್ನಡ ಸಿನಿಮಾ ಒಂದನ್ನು ಸಾಗರದ ಥಿಯೇಟರಿನಲ್ಲಿ ಒಂದೇ ಒಂದು ಆಟ ತೋರಿಸಬೇಕು. ನಾವು ನಾಲ್ಕೈದು ಜನ ಸೇರಿ ಅಂದುಕೊಂಡಿದ್ದು ಇಷ್ಟೇ. ಅಂದುಕೊಂಡ ಮೇಲೆ ಪರದೆ ಮೇಲೆ ಚಿತ್ರ ಬೀಳುವ ಹೊತ್ತಿಗೆ ಒಂದು ಮಳೆಗಾಲ ಪೂರ್ತಿ ಕಳೆದಿತ್ತು. ಬೇರೆ ಊರಿನವರು ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವುದಿದ್ದರೆ ಉಪಯೋಗಕ್ಕೆ ಬರಲಿ ಅಂತ, ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ.

ಚಿತ್ರದ ಹೆಸರು ಇಲ್ಲಿ ಹೇಳುವುದಿಲ್ಲ. ಹಕ್ಕು ಇರುವ ಮನೆಯವರು ಬೇಡ ಎಂದಿದ್ದಾರೆ. ಪೂರ್ತಿ ಪ್ರತಿ ಒಂದು ಕಡೆ ಇದೆ ಅಂತ ಗೊತ್ತಾದರೆ ಕದ್ದು ಹರಿಬಿಡುವವರು ಹುಟ್ಟಿಕೊಳ್ಳುತ್ತಾರೆ ಅನ್ನುವುದು ಅವರ ಭಯ. ಆ ಭಯದಲ್ಲಿ ತಪ್ಪಿಲ್ಲ. 1970ರ ದಶಕದ ಚಿತ್ರ, ಕೆಲವು ದೃಶ್ಯ ನಮ್ಮ ಕಡೆಯೇ ತೆಗೆದದ್ದು, ದೊಡ್ಡ ಸ್ಟಾರ್ ಯಾರೂ ಇಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಸ್ಟಾರ್ ಇಲ್ಲ ಅನ್ನೋದು ಮುಖ್ಯ. ಮರುಬಿಡುಗಡೆ ಕನ್ನಡದವರಿಗೆ ಹೊಸದೇನಲ್ಲ. 1995ರ ‘ಓಂ’ ನೂರಾರು ಸಲ ಮತ್ತೆ ಮತ್ತೆ ಥಿಯೇಟರಿಗೆ ಬಂದಿದೆ. ರಾಜ್‌ಕುಮಾರ್ ಚಿತ್ರಗಳು ಬಂದರೆ ಇವತ್ತಿಗೂ ಜನ ಹೋಗುತ್ತಾರೆ. ಅಂಥವನ್ನು ತರುವುದಕ್ಕೆ ಗಾಂಧಿನಗರದಲ್ಲಿ ಹಂಚಿಕೆದಾರರಿದ್ದಾರೆ. ಉಳಿದ ಚಿತ್ರಗಳನ್ನು ಯಾರು ತರಬೇಕು? ನೋಡುವವರೇ ತರಬೇಕು. ಬೇರೆ ದಾರಿ ನನಗಂತೂ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಅದಕ್ಕೆ ಒಂದು ಹಿನ್ನೆಲೆಯೂ ಇದೆ. ಸಾಗರದಿಂದ ಸ್ವಲ್ಪ ದೂರಕ್ಕೇ ಹೆಗ್ಗೋಡು. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ. 1970ರ ದಶಕದಲ್ಲಿ ಕೆ.ವಿ. ಸುಬ್ಬಣ್ಣ ಅಲ್ಲೊಂದು ಚಿತ್ರಸಮಾಜವನ್ನೂ ಕಟ್ಟಿದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ರೀಲುಗಳ ಡಬ್ಬ ಬರುತ್ತಿತ್ತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಜಪಾನಿನ ಕುರೊಸಾವಾ ಚಿತ್ರ, ಸತ್ಯಜಿತ್ ರಾಯ್ ಚಿತ್ರ ನೋಡಿ ಮಾತಾಡಿಕೊಂಡು ಮನೆಗೆ ಹೋಗುತ್ತಿದ್ದರು. ಸಂಗ್ರಹಾಲಯವನ್ನು ಬೆಳೆಸಿದ ಪಿ.ಕೆ. ನಾಯರ್ ಹೆಗ್ಗೋಡಿನ ರಸಗ್ರಹಣ ಶಿಬಿರಗಳಿಗೆ ಬಂದು ಪಾಠ ಮಾಡಿದ್ದಾರೆ. ನಮ್ಮ ತಂದೆ ಆ ಶಿಬಿರದ ಕಥೆ ಹೇಳಿಯೇ ನನ್ನನ್ನು ಬೆಳೆಸಿದರು. ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಬನಶಂಕರಿಯ ಸುಚಿತ್ರಾ ನನಗೆ ಎರಡನೇ ಮನೆಯಾಯಿತು. 1971ರಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿ ಅದು. ಸಿನಿಮಾ ಮುಗಿದ ಮೇಲೂ ಯಾರೂ ಬೇಗ ಜಾಗ ಬಿಡುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ವಾದ ಮಾಡುತ್ತಿದ್ದವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿರಲಿಲ್ಲ. ಆದರೂ ಅವರ ಜೊತೆ ಕೂತು ನೋಡಿದ ಚಿತ್ರಗಳೇ ತಲೆಯಲ್ಲಿ ಉಳಿದಿವೆ.

ಊರಿಗೆ ವಾಪಸ್ ಬಂದ ಮೇಲೆ ಅಂಥದ್ದೊಂದು ಇಲ್ಲೂ ಬೇಕು ಅನ್ನಿಸಿತು.

ಮೊದಲ ಕೆಲಸ ಹಕ್ಕು ಯಾರದ್ದು ಅಂತ ಹುಡುಕೋದು. ಹಳೇ ಚಿತ್ರ, ಯಾರು ಕೇಳ್ತಾರೆ, ಸುಮ್ನೆ ತೋರಿಸಿಬಿಡೋಣ ಅನ್ನುವವರು ನಮ್ಮಲ್ಲೂ ಇದ್ದರು. ಹಾಗೆ ಮಾಡುವಂತಿಲ್ಲ. ನಮ್ಮ ದೇಶದಲ್ಲಿ ಚಿತ್ರದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. 70ರ ದಶಕದ ಯಾವ ಚಿತ್ರವೂ ಇನ್ನೂ ಹಕ್ಕಿನಿಂದ ಹೊರಗೆ ಬಂದಿಲ್ಲ. ನಿರ್ಮಾಪಕರು ತೀರಿಕೊಂಡಿದ್ದರು. ಟೈಟಲ್ ಕಾರ್ಡಿನಲ್ಲಿದ್ದ ಸಂಸ್ಥೆ ಎಂದೋ ಮುಚ್ಚಿತ್ತು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ವಿಚಾರಿಸಿ, ಗಾಂಧಿನಗರದ ಹಳಬರೊಬ್ಬರನ್ನು ಹಿಡಿದು, ಅವರು ಇನ್ನೊಬ್ಬರ ನಂಬರ್ ಕೊಟ್ಟು, ಕೊನೆಗೆ ನಿರ್ಮಾಪಕರ ಮಗಳು ಮೈಸೂರಿನಲ್ಲಿ ಸಿಕ್ಕಿದರು. ಎಪ್ಪತ್ತರ ಹತ್ತಿರದ ವಯಸ್ಸು. ಟಿವಿ ಹಕ್ಕನ್ನು ಅಪ್ಪನ ಕಾಲದಲ್ಲೇ ಮಾರಿಯಾಗಿತ್ತು, ಥಿಯೇಟರ್ ಹಕ್ಕು ಮನೆಯಲ್ಲೇ ಉಳಿದಿತ್ತು.

“ಅಮ್ಮಾ, ನಮಗೆ ಜಾಸ್ತಿ ದುಡ್ಡು ಕೊಡೋಕಾಗಲ್ಲ” ಅಂದೆ.

“ದುಡ್ಡಿನ ಮಾತು ಆಮೇಲಪ್ಪ. ಯಾವ ಪ್ರತಿ ತೋರಿಸ್ತೀರಿ, ಅದು ಹೇಳಿ ಮೊದಲು.”

ನಮ್ಮ ಹತ್ತಿರ ಇದ್ದದ್ದು ಟಿವಿಯಲ್ಲಿ ಬಂದ ಪ್ರತಿ. ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವುದೂ ಅದೇ. ಅದನ್ನು ಹೇಳಿದ್ದೇ ತಡ, ಅವರು “ಅದು ಸಿನಿಮಾನೇ ಅಲ್ಲ” ಎಂದು ಫೋನ್ ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹಳದಿಗಟ್ಟಿದ ಸೆನ್ಸಾರ್ ಸರ್ಟಿಫಿಕೇಟ್. ಜೊತೆಗೆ ಒಂದೇ ಸಾಲು: ಉದ್ದ ನೋಡಿ.

ಹಳೇ ಸರ್ಟಿಫಿಕೇಟಿನಲ್ಲಿ ಚಿತ್ರ ಎಷ್ಟು ರೀಲು, ಎಷ್ಟು ಮೀಟರ್ ಅಂತ ಬರೆದಿರುತ್ತದೆ. ಇದು 14 ರೀಲು, 3,900 ಮೀಟರಿನ ಆಸುಪಾಸು. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಚೌಕದ (ಫ್ರೇಮಿನ) ಲೆಕ್ಕದಲ್ಲಿ ನಿಮಿಷಕ್ಕೆ 27.4 ಮೀಟರ್ ಓಡುತ್ತದೆ. ಭಾಗಿಸಿದರೆ 142 ನಿಮಿಷ. ನಮ್ಮ ಟಿವಿ ಪ್ರತಿ 118 ನಿಮಿಷ. ಟಿವಿಯವರು ಸೆಕೆಂಡಿಗೆ 25 ಚೌಕ ಓಡಿಸುತ್ತಾರೆ. ಹಾಗಾಗಿ ಎಲ್ಲ ಹಳೇ ಚಿತ್ರವೂ ಟಿವಿಯಲ್ಲಿ ಸ್ವಲ್ಪ ಬೇಗ ಮುಗಿಯುತ್ತದೆ, ದನಿಯೂ ಒಂಚೂರು ತೆಳ್ಳಗೆ ಕೇಳುತ್ತದೆ. ಆ ವ್ಯತ್ಯಾಸ ಸೇರಿಸಿದರೂ 123 ನಿಮಿಷ. ಉಳಿದ 19 ನಿಮಿಷವನ್ನು ಯಾರೋ ಕತ್ತರಿಸಿದ್ದರು. ಜಾಹೀರಾತಿಗೆ ಜಾಗ ಬೇಕಿತ್ತೋ ಏನೋ.

ಈ ಲೆಕ್ಕ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇಷ್ಟು ವರ್ಷ ಈ ಚಿತ್ರದ ಬಗ್ಗೆ ಮಾತಾಡಿದವರು, ಬರೆದವರು, ‘ಮಧ್ಯದಲ್ಲಿ ಕಥೆ ಜಿಗಿಯುತ್ತೆ’ ಎಂದು ದೂರಿದವರು, ಎಲ್ಲರೂ ನೋಡಿದ್ದು ತುಂಡರಿಸಿದ್ದನ್ನು. ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ ಅಂತ ಎಲ್ಲರೂ ಮರುಗುತ್ತೇವೆ. ಇರುವ ಚಿತ್ರಗಳು ಹೀಗೆ ಚೂರುಚೂರಾಗಿ ಹೋಗುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಯೂಟ್ಯೂಬಿನಲ್ಲಿ ಇದೆಯಲ್ಲ, ಮತ್ತೇನು ಎಂದು ಸುಮ್ಮನಾಗುತ್ತೇವೆ.

ಪೂರ್ತಿ ಪ್ರತಿ ಎಲ್ಲಿದೆ? ಆ ಕಾಲದ ಎಷ್ಟೋ ಕನ್ನಡ ಚಿತ್ರಗಳ ನೆಗೆಟಿವ್ ಮದ್ರಾಸಿನ ಲ್ಯಾಬುಗಳಲ್ಲಿ ಇರುತ್ತಿತ್ತು. ಈ ಚಿತ್ರದ ನೆಗೆಟಿವ್ ಕೆಟ್ಟುಹೋಗಿ ವರ್ಷಗಳಾಗಿದ್ದವು. ಆದರೆ ನಿರ್ಮಾಪಕರು ಒಂದು ಪ್ರಿಂಟನ್ನು ಮನೆಯಲ್ಲಿ ಜೋಪಾನ ಮಾಡಿದ್ದರು. ಅವರ ಮಗ ಅದನ್ನು ಸ್ವಂತ ಖರ್ಚಿನಲ್ಲಿ ಚೆನ್ನೈಯಲ್ಲಿ ಸ್ಕ್ಯಾನ್ ಮಾಡಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರು. ಗೀರು ಅಳಿಸಿಲ್ಲ, ಬೆಳಕು ಸರಿಮಾಡಿಲ್ಲ, ಪ್ರಿಂಟು ಹೇಗಿತ್ತೋ ಹಾಗೆ. ಅಕ್ಕನ ಮಾತಿನ ಮೇಲೆ ಅವರು ನಮಗೆ ಅದರ ಪ್ರತಿ ಕೊಡಲು ಒಪ್ಪಿದರು. ಒಂದು ಆಟಕ್ಕೆ ಮಾತ್ರ, ಆಮೇಲೆ ಅಳಿಸಬೇಕು ಅಂತ ಕಾಗದ ಬರೆದುಕೊಟ್ಟೆವು. ಡಿಸ್ಕನ್ನು ಕೊರಿಯರಿಗೆ ಕೊಡಲು ಯಾರಿಗೂ ಮನಸ್ಸು ಬರಲಿಲ್ಲ. ನಮ್ಮ ಗುಂಪಿನ ಮೇಷ್ಟ್ರೊಬ್ಬರು ರೈಲಿನಲ್ಲಿ ಹೋಗಿ, ಬ್ಯಾಗನ್ನು ತೊಡೆ ಮೇಲೇ ಇಟ್ಟುಕೊಂಡು ತಂದರು.

ಪೆನ್‌ಡ್ರೈವ್ ಚುಚ್ಚಿದರೆ ಥಿಯೇಟರಿನಲ್ಲಿ ಸಿನಿಮಾ ಓಡುವುದಿಲ್ಲ. ಅಲ್ಲಿನ ಸರ್ವರಿಗೆ ಡಿಸಿಪಿ ಅನ್ನುವ ಬಗೆಯಲ್ಲಿ ಚಿತ್ರ ಬೇಕು. ಅದರಲ್ಲಿ ಪ್ರತಿ ಚೌಕವೂ ಒಂದು ಬೇರೆ ಫೋಟೋ. ನಮ್ಮ 142 ನಿಮಿಷಕ್ಕೆ ಎರಡು ಲಕ್ಷ ನಾಲ್ಕು ಸಾವಿರ ದಾಟುವಷ್ಟು ಚೌಕ. ಇದನ್ನು ಮಾಡುವುದಕ್ಕೆ ಡಿಸಿಪಿ-ಒ-ಮ್ಯಾಟಿಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಮನೆಯಿಂದಲೇ ಕೆಲಸ ಮಾಡುವ ಇಂಜಿನಿಯರ್ ಹುಡುಗಿ ನಮ್ಮ ಗುಂಪಿನಲ್ಲಿದ್ದಳು, ಅವಳು ಕೂತು ಮಾಡಿದಳು. ನಡುವೆ ಕರೆಂಟ್ ಹೋಗಿ ಮೊದಲಿಂದ ಶುರುಮಾಡಬೇಕಾಯಿತು, ಮಲೆನಾಡಿನ ಮಳೆಗಾಲ ಅಲ್ವಾ. ಕೊನೆಗೆ ಕಾಪಿ ಮಾಡುವ ಡಿಸ್ಕನ್ನು ಲಿನಕ್ಸ್ ಬಗೆಯಲ್ಲಿ ಫಾರ್ಮ್ಯಾಟ್ ಮಾಡಬೇಕು. ವಿಂಡೋಸಿನ ಡಿಸ್ಕನ್ನು ಕೆಲವು ಸರ್ವರುಗಳು ಓದುವುದೇ ಇಲ್ಲ. ಈ ಕೆಲಸಕ್ಕೆ ಇಳಿಯುವವರು ಇದೊಂದನ್ನು ಮರೆಯಬಾರದು.

ಥಿಯೇಟರ್ ಮಾಲೀಕರ ಜೊತೆ ಮಾತು ಬೇಗ ಮುಗಿಯಿತು. ಭಾನುವಾರ ಬೆಳಗ್ಗೆ ಹತ್ತೂವರೆಯ ಆಟ, ಇಷ್ಟು ಬಾಡಿಗೆ, ಟಿಕೆಟ್ ಹಣ ನಿಮಗೆ, ಕ್ಯಾಂಟೀನ್ ನಮಗೆ ಅಂದರು. “ಜನ ಬರ್ತಾರಾ ಮಾರಾಯ್ರೆ?” ಎಂದು ಕೇಳಿದರು. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾ ಹೋಯಿತು, ಅಲ್ಲಿ ಈಗ ಮೆಟ್ರೋ ಸ್ಟೇಷನ್. ಗಾಂಧಿನಗರದ ಕಪಾಲಿಯನ್ನೂ ಕೆಡವಿದರು. ಅಂಥ ಊರಲ್ಲೇ ಹೀಗಾದರೆ ನಮ್ಮ ಗತಿ ಏನು ಎಂಬುದು ಅವರ ಚಿಂತೆ. ಸುಳ್ಳು ಭರವಸೆ ಕೊಡಲು ಮನಸ್ಸಾಗಲಿಲ್ಲ. ಬಾಡಿಗೆಯ ಅರ್ಧವನ್ನು ಮುಂಗಡ ಕೊಟ್ಟು ಬಂದೆವು.

ಆಪರೇಟರ್ ಅಣ್ಣನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಕೆಲಸಕ್ಕೆ ಸೇರಿದವರು. ಆಮೇಲೆ ಇದೇ ಥಿಯೇಟರಿನ ಕ್ಯಾಬಿನ್ನಿನಲ್ಲಿ ಕೂದಲು ಬೆಳ್ಳಗಾಗಿದೆ. ಎರಡು ಹಳೇ 35 ಎಂಎಂ ಪ್ರಾಜೆಕ್ಟರುಗಳು ಟಾರ್ಪಾಲು ಹೊದ್ದು ಅಲ್ಲೇ ಮೂಲೆಯಲ್ಲಿ ನಿಂತಿವೆ. ಮಾಲೀಕರು ಗುಜರಿಗೆ ಹಾಕೋಣ ಅಂದಾಗಲೆಲ್ಲ ಈ ಅಣ್ಣ ಏನೋ ಒಂದು ನೆಪ ಹೇಳಿ ಉಳಿಸಿಕೊಂಡಿದ್ದಾರೆ. ಒಂದರ ಮೇಲಿನ ಧೂಳು ಒರೆಸಿ, ಕಾರ್ಬನ್ ಕಡ್ಡಿ ಎಲ್ಲಿ ಸಿಕ್ಕಿಸುತ್ತಿದ್ದರು, ಕಡ್ಡಿ ಸವೆದ ಹಾಗೆ ಹೇಗೆ ಹತ್ತಿರ ತರಬೇಕಿತ್ತು ಅಂತ ತೋರಿಸಿದರು. ಅಂತರ ಹೆಚ್ಚುಕಮ್ಮಿಯಾದರೆ ಪರದೆ ಮಂಕಾಗಿ, ಕೆಳಗಿನಿಂದ ಶಿಳ್ಳೆ ಶುರುವಾಗುತ್ತಿತ್ತಂತೆ.

ಪರೀಕ್ಷೆಗೆ ಸಿಕ್ಕ ಸಮಯ ಶುಕ್ರವಾರದ ಸೆಕೆಂಡ್ ಶೋ ಮುಗಿದ ಮೇಲೆ. ಹನ್ನೊಂದೂವರೆ ರಾತ್ರಿ. ಖಾಲಿ ಹಾಲಿನಲ್ಲಿ ಚಿತ್ರ ಶುರುವಾಯಿತು. ನಾಯಕಿಯ ಹಣೆ ಇಲ್ಲ. ಬಾಗಿಲಲ್ಲಿ ನಿಂತ ಮುದುಕನಿಗೆ ತಲೆಯೇ ಇಲ್ಲ. ಟೈಟಲ್ ಕಾರ್ಡಿನ ಕೆಳಗಿನ ಸಾಲು ಪರದೆಯಿಂದ ಹೊರಗೆ. ಈಗಿನ ಚಿತ್ರಗಳು ಅಗಲ, ಥಿಯೇಟರಿನ ಸೆಟ್ಟಿಂಗ್ ಅದಕ್ಕೆ ತಕ್ಕಂತೆ ಇರುತ್ತದೆ. ಹಳೇ ಚಿತ್ರದ ಚೌಕ ಹೆಚ್ಚುಕಮ್ಮಿ ಹಳೇ ಟಿವಿಯ ಆಕಾರದ್ದು. ಅದನ್ನು ಅಗಲದ ಸೆಟ್ಟಿಂಗಿನಲ್ಲಿ ಬಿಟ್ಟರೆ ಮೇಲೆ-ಕೆಳಗೆ ಕತ್ತರಿಸಿ ಹೋಗುತ್ತದೆ. ಅಣ್ಣ ಪ್ರಾಜೆಕ್ಟರಿನಲ್ಲಿ ಅಗಲ ಕಮ್ಮಿ ಇರುವ ಫ್ಲಾಟ್ ಸೆಟ್ಟಿಂಗಿಗೆ ಬದಲಿಸಿದರು. ಲೆನ್ಸು ತಿರುಗಿಸಿ, ಕೆಳಗೆ ಓಡಿಬಂದು ನೋಡಿ, ಮತ್ತೆ ಮೇಲೆ ಹತ್ತಿ, ನಾಲ್ಕೂ ಮೂಲೆ ಕಾಣುವ ತನಕ ಬಿಡಲಿಲ್ಲ. ಪರದೆಯ ಎರಡೂ ಪಕ್ಕ ಖಾಲಿ ಉಳಿಯಿತು. “ಜನ ಕೇಳ್ತಾರೆ, ಯಾಕೆ ಪೂರ್ತಿ ಬರ್ತಿಲ್ಲ ಅಂತ” ಅಂದರು. ಇದೇ ಪೂರ್ತಿ ಅಂತ ಶುರುವಿನಲ್ಲಿ ಹೇಳಿಬಿಡೋಣ ಎಂದೆವು.

ಆಮೇಲೆ ಸೌಂಡ್. ಹಳೇ ಚಿತ್ರದ ಧ್ವನಿ ಒಂದೇ ಟ್ರ್ಯಾಕು. ಚೆನ್ನೈಯಿಂದ ಬಂದ ಫೈಲಿನಲ್ಲಿ ಅದು ಎಡ-ಬಲದ ಎರಡೂ ಸ್ಪೀಕರಿಗೆ ಹೋಗುವಂತಿತ್ತು. ಡಿಸಿಪಿಯಲ್ಲೂ ಹಾಗೇ ಉಳಿದಿತ್ತು. ಮಾತು ಎಲ್ಲೋ ಗೋಡೆಯ ಪಕ್ಕದಿಂದ ಬರುತ್ತಿತ್ತು. ನಮ್ಮ ಹುಡುಗಿ ಶನಿವಾರ ಪೂರ್ತಿ ಕೂತು ಧ್ವನಿಯನ್ನು ಪರದೆಯ ಹಿಂದಿನ ನಡುವಿನ ಸ್ಪೀಕರಿಗೆ ಹಾಕಿ ಮತ್ತೆ ಡಿಸ್ಕ್ ತಂದಳು. ವಾಲ್ಯೂಮ್ ಎಷ್ಟಿರಬೇಕು ಅನ್ನೋದನ್ನು ಅಣ್ಣ ತೀರ್ಮಾನಿಸಿದರು. ಈಗಿನ ಚಿತ್ರಕ್ಕೆ ಇಡುವಷ್ಟು ಇಟ್ಟರೆ ‘ಸರ್ರ್’ ಅನ್ನುವ ಸದ್ದೇ ಜಾಸ್ತಿ ಕೇಳುತ್ತಿತ್ತು. ಸ್ವಲ್ಪ ಇಳಿಸಿದ ಮೇಲೆ ಮಾತು ಹತ್ತಿರ ಬಂತು.

ಆ ರಾತ್ರಿಯೇ ಇನ್ನೊಂದು ಸಂಗತಿ ನಡೆಯಿತು. ಮೊದಲ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿ ಹೋಯಿತು. ಪಕ್ಕದಲ್ಲಿದ್ದ ಅಣ್ಣನ ಬಲಗೈ ತಾನಾಗಿ ಮೇಲೆದ್ದಿತು. ಏಳೆಂಟು ಸೆಕೆಂಡ್ ಬಿಟ್ಟು ಎರಡನೇ ಚುಕ್ಕೆ. ಕೈ ಗಾಳಿಯಲ್ಲೇ ಒಂದು ಹಿಡಿ ಎಳೆದ ಹಾಗೆ ಮಾಡಿ ಕೆಳಗಿಳಿಯಿತು. ಆ ಚುಕ್ಕೆಗಳು ರೀಲು ಬದಲಿಸುವ ಸೂಚನೆ. ಮೊದಲ ಚುಕ್ಕೆಗೆ ಎರಡನೇ ಪ್ರಾಜೆಕ್ಟರಿನ ಮೋಟರು ಶುರು ಮಾಡಬೇಕು, ಎರಡನೆಯದಕ್ಕೆ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ. ಎರಡು ಜೋಡಿಸಿದರೆ ಇಪ್ಪತ್ತೆರಡು. ದಿನಕ್ಕೆ ನಾಲ್ಕು ಆಟ, ಒಂದೊಂದು ಆಟದಲ್ಲೂ ಅಷ್ಟಷ್ಟು ಸಲ, ಕಣ್ಣು ಆ ಮೂಲೆಯಲ್ಲೇ. ಸ್ಕ್ಯಾನಿನಲ್ಲಿ ಆ ಚುಕ್ಕೆಗಳನ್ನು ಅಳಿಸಿಲ್ಲದ್ದು ನನಗೆ ಬಹಳ ಖುಷಿಯಾಯಿತು. ಈ ಚಿತ್ರವನ್ನು ಓಡಿಸಿದ ಎಲ್ಲ ಊರುಗಳ ಆಪರೇಟರುಗಳಿಗಾಗಿ ಹಾಕಿದ ಗುರುತು ಅದು.

ಪ್ರಚಾರ ಸುಲಭವಾಯಿತು. ಆಟೋಗೆ ಮೈಕ್ ಕಟ್ಟಿ ಎರಡು ಸಂಜೆ ಸುತ್ತಾಡಿದೆವು. ಮೈದಾ ಅಂಟು ಕುದಿಸಿ ಪೋಸ್ಟರ್ ಹಚ್ಚಿದೆವು. ಕಾಲೇಜಿನ ಮೇಷ್ಟ್ರುಗಳು ಹುಡುಗರಿಗೆ ಹೇಳಿದರು. ವಾಟ್ಸಾಪಿನಿಂದ ಬಂದವರಿಗಿಂತ ಮೈಕಿನ ಕೂಗು ಕೇಳಿ ಬಂದವರೇ ಜಾಸ್ತಿ ಅಂತ ಗೇಟಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು.

ಭಾನುವಾರ ಹತ್ತು ಗಂಟೆಗೆ ಬಾಲ್ಕನಿ ತುಂಬಿತ್ತು. ಕೆಳಗೆ ಮುಂದಿನ ನಾಲ್ಕೈದು ಸಾಲು ಬಿಟ್ಟರೆ ಉಳಿದದ್ದೆಲ್ಲ ಭರ್ತಿ. ಮೊಮ್ಮಕ್ಕಳ ಕೈ ಹಿಡಿದು ಬಂದ ಅಜ್ಜಿಯಂದಿರು, ಸುತ್ತಲಿನ ಹಳ್ಳಿಗಳಿಂದ ಜೀಪು ಮಾಡಿಕೊಂಡು ಬಂದವರು, ರೀಲ್ಸ್ ಮಾಡುವ ಹುಡುಗರು. ಮೈಸೂರಿನ ಅಮ್ಮ ಕೂಡ ಬಂದಿದ್ದರು. ವೇದಿಕೆಗೆ ಬನ್ನಿ ಎಂದರೆ ಬರಲಿಲ್ಲ. ನಡುವಿನ ಸಾಲಿನ ತುದಿಯಲ್ಲಿ ಕೂತರು.

ಮೊದಲ ಅರ್ಧ ಗಂಟೆ ಹಾಲು ಗಲಗಲ ಅನ್ನುತ್ತಿತ್ತು. ಗೀರುಗಳು ಕಣ್ಣಿಗೆ ಚುಚ್ಚುತ್ತಿದ್ದವು. ಹಿಂದೆ ಕೂತ ಹುಡುಗರು ಒಂದೆರಡು ಮಾತಿಗೆ ನಕ್ಕರು. ನನಗೆ ಕಸಿವಿಸಿ. ನಿಧಾನಕ್ಕೆ ಚಿತ್ರ ಎಲ್ಲರನ್ನೂ ಒಳಗೆ ಎಳೆದುಕೊಂಡಿತು. ಲ್ಯಾಪ್‌ಟಾಪಿನಲ್ಲಿ ನೋಡಿದ್ದಾಗ ಬಹಳ ನಿಧಾನ ಅನ್ನಿಸಿದ್ದ ಒಂದು ದೃಶ್ಯವಿದೆ. ಸೊಸೆ ಬಾವಿಯಿಂದ ನೀರು ಸೇದಿ ಒಳಗೆ ಬರುವ ತನಕ ಕ್ಯಾಮೆರಾ ಅಲ್ಲಾಡುವುದಿಲ್ಲ. ದೊಡ್ಡ ಪರದೆಯಲ್ಲಿ ಹಿಂದಿನ ಕಿಟಕಿಯಲ್ಲಿ ಅತ್ತೆಯ ಮುಖ ಕಾಣುತ್ತದೆ. ಅದು ಅಲ್ಲಿದೆ ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಅಜ್ಜಿಯೊಬ್ಬರು ಜೋರಾಗಿ “ನೋಡ್ತಾ ಇದಾಳೆ, ನೋಡ್ತಾ ಇದಾಳೆ” ಎಂದರು. ಆಮೇಲೆ ಹುಡುಗರು ನಗಲಿಲ್ಲ.

‘ವಿಶ್ರಾಂತಿ’ ಎಂಬ ಕಾರ್ಡು ಬಂದಾಗ ಚಪ್ಪಾಳೆ ಬಿತ್ತು. ಟಿವಿ ಪ್ರತಿಯಲ್ಲಿ ಅದೂ ಇರಲಿಲ್ಲ.

ಇಂಟರ್ವಲ್ ಆದ ಮೇಲೆ ಕಳೆದುಹೋಗಿದ್ದ ಭಾಗ. ಒಂದು ಹಾಡು, ಅದರ ಹಿಂದೆಯೇ ಉದ್ದನೆಯ ಸಂತೆಯ ದೃಶ್ಯ. ಸಂತೆಯಲ್ಲಿ ನಿಂತವರು ನಟರಲ್ಲ, ನಮ್ಮ ಕಡೆಯ ಜನ. ಮೊದಲು ಒಬ್ಬರು “ಅದು ಗಣಪತಿ ಕೆರೆ!” ಎಂದು ಕೂಗಿದರು. ಕೆರೆಯ ಸುತ್ತ ಈಗಿರುವ ಕಟ್ಟಡ ಒಂದೂ ಇಲ್ಲ. ಆಮೇಲೆ ಹಾಲಿನ ಎಲ್ಲ ಮೂಲೆಗಳಿಂದ ಹೆಸರುಗಳು ಬರತೊಡಗಿದವು. ಬಳೆ ಮಾರುವವಳು ಯಾರ ಅತ್ತೆ, ಎತ್ತು ಹಿಡಿದವನು ಯಾವ ಮನೆಯವನು. “ನಮ್ಮ ದೊಡ್ಡಪ್ಪ ಅಲ್ವನಾ ಅದು?” ಎಂದು ನನ್ನ ಹಿಂದಿದ್ದ ಮಧ್ಯವಯಸ್ಸಿನವರೊಬ್ಬರು ಎದ್ದೇ ನಿಂತರು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಆ ದೊಡ್ಡಪ್ಪನ ಒಂದು ಫೋಟೋ ಕೂಡ ಮನೆಯಲ್ಲಿ ಇಲ್ಲವಂತೆ. ಪರದೆ ಮೇಲೆ ಅವರು ಬೀಡಿ ಹಚ್ಚಿ, ಏನೋ ಚೌಕಾಸಿ ಮಾಡಿ, ನಕ್ಕು, ಜನರ ನಡುವೆ ಮರೆಯಾದರು. ಕಥೆಯೂ ಅಲ್ಲೇ ತಿರುಗುತ್ತದೆ. ಸೊಸೆ ತನ್ನ ತವರಿನವರನ್ನು ನೋಡುವುದು ಅದೇ ಸಂತೆಯಲ್ಲಿ. ಅದನ್ನು ಕತ್ತರಿಸಿದ ಮೇಲೆ ಕಥೆ ಜಿಗಿಯದೆ ಇನ್ನೇನು ಮಾಡೀತು!

‘ಶುಭಂ’ ಬಂದ ಮೇಲೆ ಮೈಸೂರಿನ ಅಮ್ಮ ಎದ್ದು ಮೇಲಿನ ಕ್ಯಾಬಿನ್ನಿಗೆ ಹೋಗಿ ಆಪರೇಟರ್ ಅಣ್ಣನಿಗೆ ಕೈಮುಗಿದರು. “ಅಪ್ಪನ ಸಿನಿಮಾ ಹೀಗೆ ನೋಡಿದ್ದು ಬಿಡುಗಡೆಯಾದಾಗ. ಆಮೇಲೆ ಇವತ್ತೇ” ಎಂದರು. ಅಣ್ಣ ಏನೂ ಹೇಳಲಾಗದೆ ಟಾರ್ಪಾಲು ಸರಿಸಿ ಹಳೇ ಪ್ರಾಜೆಕ್ಟರ್ ತೋರಿಸಲು ನಿಂತುಬಿಟ್ಟರು.

ಹಾಲಿನ ಹೊರಗೆ ಮಾತು ಮುಗಿಯಲು ಮಧ್ಯಾಹ್ನದ ಆಟದ ಜನ ಬಂದು ನಮ್ಮನ್ನು ಸರಿಸಬೇಕಾಯಿತು. ದುಡ್ಡಿನ ಲೆಕ್ಕ ಕೇಳುವವರಿಗೆ: ಬಾಡಿಗೆ, ಪೋಸ್ಟರ್, ಆಟೋ, ರೈಲು ಖರ್ಚು ಎಲ್ಲ ಕಳೆದು, ಅಮ್ಮನ ಕೈಗೆ ಕೊಡಲು ಸಣ್ಣ ಮೊತ್ತ ಉಳಿಯಿತು. ಅವರು ತೆಗೆದುಕೊಂಡರು. ತೆಗೆದುಕೊಳ್ಳಬೇಕು ಅಂತ ನಾವೂ ಒತ್ತಾಯ ಮಾಡಿದೆವು. ಹಕ್ಕಿಗೆ ಬೆಲೆ ಕೊಡದೆ ಚಿತ್ರ ಪ್ರೀತಿಸುತ್ತೇವೆ ಅಂದರೆ ಮುಂದಿನ ಮನೆಯವರು ನಮಗೆ ಬಾಗಿಲು ತೆರೆಯುವುದಿಲ್ಲ. ಡಿಸ್ಕನ್ನು ಅವರೆದುರೇ ಅಳಿಸಿದೆವು.

ಆ ದಿನ ಗುಂಪಿನಲ್ಲಿ ಹಿಂದೆ ನಿಂತಿದ್ದ ಒಬ್ಬರು ಮರುವಾರ ಫೋನ್ ಮಾಡಿದರು. ಅವರ ತಂದೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದವರಂತೆ. ಅಟ್ಟದ ಮೇಲೆ ಎರಡು ಡಬ್ಬ ಇದೆ, ಬಂದು ನೋಡ್ತೀರಾ ಎಂದರು. ನಾನೂ ಆಪರೇಟರ್ ಅಣ್ಣನೂ ಹೋದೆವು. ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಬಂತು, ಒಂದರಿಂದ ಜೋರಾಗಿ, ಇನ್ನೊಂದರಿಂದ ಸಣ್ಣಗೆ. ಅಸಿಟೇಟ್ ಫಿಲ್ಮು ಕೊಳೆಯುವ ವಾಸನೆ ಅದು. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ, ಪಕ್ಕದ ರೀಲಿಗೂ ಹಬ್ಬುತ್ತದೆ. ತಂಪಿನಲ್ಲಿ, ಒಣಗಿದ ಜಾಗದಲ್ಲಿ ಇಟ್ಟರೆ ನಿಧಾನವಾಗುತ್ತದೆ, ಅಷ್ಟೇ. ಅಣ್ಣ ಹತ್ತಿಯ ಕೈಗವಸು ಹಾಕಿಕೊಂಡು, ಕಡಿಮೆ ಕೆಟ್ಟಿದ್ದ ರೀಲಿನ ತುದಿಯನ್ನು ಎರಡು ಅಂಗುಲದಷ್ಟು ಮಾತ್ರ ಬಿಚ್ಚಿ ಕಿಟಕಿಗೆ ಹಿಡಿದರು. ಒಂದೊಂದು ಚೌಕದ ಪಕ್ಕಕ್ಕೆ ನಾಲ್ಕು ತೂತು, ಅಂಚಿನಲ್ಲಿ ಧ್ವನಿಯ ಬಿಳಿ ಗೆರೆ. ಯಾವ ಚಿತ್ರ ಅಂತ ಅಣ್ಣನಿಗೂ ಗೊತ್ತಾಗಲಿಲ್ಲ. ಬಿಚ್ಚಿ ನೋಡುವ ಆಸೆಯನ್ನು ತಡೆದುಕೊಂಡು ಮತ್ತೆ ಸುತ್ತಿದರು.

ಎರಡೂ ಡಬ್ಬಗಳನ್ನು ಬೇರೆ ಬೇರೆ ಕೋಣೆಯಲ್ಲಿ, ಅಟ್ಟದ ಬಿಸಿಯಿಂದ ದೂರ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿಸಿದ್ದೇವೆ. ಡಬ್ಬದ ಮೇಲಿನ ಚೀಟಿಯ ಫೋಟೋ ಹಾಕಿ ಪುಣೆಯ ಸಂಗ್ರಹಾಲಯಕ್ಕೆ ಬರೆದಿದ್ದೇವೆ. ಅವರು ಹ್ಞೂಂ ಅಂದರೆ ಮೇಷ್ಟ್ರೂ ನಾನೂ ತೆಗೆದುಕೊಂಡು ಹೋಗುತ್ತೇವೆ. ನಿಮ್ಮ ಊರಿನಲ್ಲೂ ಹಳೇ ಟಾಕೀಸಿನವರ ಮನೆ ಇದ್ದರೆ ಒಮ್ಮೆ ಹೋಗಿ ಅಟ್ಟದ ಮೇಲೆ ಏನಿದೆ ಅಂತ ಕೇಳಿ. ಇನ್ನೊಂದು ಮಳೆಗಾಲ ಕಳೆಯುವ ಮೊದಲೇ ಕೇಳಿ.